ಡೆಂಗ್ಯೂ ವಾಸಿಯಾಗಿ ನಾಲ್ಕು ತಿಂಗಳಾಗಿದೆ, ರಕ್ತ ಕೊಡಬಹುದಾ?

ಈಗಲೇ ಬೇಡ, ಇನ್ನೆರಡು ತಿಂಗಳು ತಡೆಯಿರಿ. ಡೆಂಗ್ಯೂ ಪೂರ್ತಿ ವಾಸಿಯಾದ ಮೇಲೆ 6 ತಿಂಗಳು ಕಳೆದಿರಬೇಕು, ಮಲೇರಿಯಾ ಆದರೆ 3 ತಿಂಗಳು.

"ಹೇಗೂ ಟೆಸ್ಟ್ ಮಾಡ್ತಾರಲ್ವಾ" ಅಂತ ಕೇಳಿದ್ದೀರಿ. ಮಾಡುತ್ತಾರೆ, ಆದರೆ ಕಡ್ಡಾಯವಾಗಿ ನೋಡುವುದು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಈ ಐದನ್ನು ಮಾತ್ರ. ಡೆಂಗ್ಯೂ ಅದರಲ್ಲಿಲ್ಲ. ಇನ್ನೊಂದು ವಿಷಯ, ಸೋಂಕು ತಗುಲಿದ ಶುರುವಿನ ದಿನಗಳಲ್ಲಿ ಟೆಸ್ಟ್ ಮಾಡಿದರೂ ಅದು ಸಿಗದೇ ಹೋಗಬಹುದು, ಅದಕ್ಕೇ ರಕ್ತ ಕೊಡುವ ಮುಂಚೆ ತುಂಬಿಸುವ ಫಾರಂ ಇದೆಯಲ್ಲ, ಅದನ್ನು ಸುಮ್ನೆ ಟಿಕ್ ಹಾಕಿ ಕೊಡಬೇಡಿ. ನೀವು ನಿಜ ಹೇಳಿದರೇ ಆ ಕಡೆ ಮಲಗಿರುವ ರೋಗಿಗೆ ಮೊದಲ ರಕ್ಷಣೆ. ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಮಂಗನಕಾಯಿಲೆ ಬಂದಿದ್ದರೂ ಹೇಳಿ. ಕಾಡಿಗೆ ಹೋಗಿ ಬಂದು ಉಣುಗು ಕಚ್ಚಿ ಜ್ವರ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಬಿಡಿಸಿ ಹೇಳಿ.

ಉಳಿದದ್ದು ಸುಲಭ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಹಚ್ಚೆ ಹಾಕಿಸಿಕೊಂಡಿದ್ದರೆ ಒಂದು ವರ್ಷ ಕಾಯಬೇಕು.

ನಿಮ್ಮ ಮನೆಯವರಿಗೇ ರಕ್ತ ಹಾಕಿಸುವಾಗ ರಕ್ತದ ಚೀಲದ ಮೇಲಿನ ಹೆಸರು, ಗ್ರೂಪು, ಕೊನೆ ದಿನಾಂಕ ನರ್ಸ್ ಜೊತೆ ನಿಂತು ನೀವೂ ಓದಿ. ಹಾಕಿದ ಮೊದಲ 15 ನಿಮಿಷ ಹತ್ತಿರವೇ ಇರಿ, ಚಳಿ, ನಡುಕ, ಬೆನ್ನುನೋವು, ಉಸಿರಾಟಕ್ಕೆ ಕಷ್ಟ ಕಂಡರೆ ತಕ್ಷಣ ಕೂಗಿ ಕರೆಯಿರಿ.