ಸಕ್ಕರೆ ಕಾಯಿಲೆ ಮತ್ತು ಬೆನ್ನೆಲುಬಿನ ಮೂಳೆ ಬೆಳವಣಿಗೆ

ದಾವಣಗೆರೆಯಲ್ಲಿರುವ ನಿಮ್ಮ ತಂದೆಯವರ ಬೆನ್ನೆಲುಬಿನಲ್ಲಿ ಮೂಳೆ ಬೆಳೆದಿರುವುದಕ್ಕೂ ಅವರ ಸಕ್ಕರೆ ಕಾಯಿಲೆಗೂ ಸಂಬಂಧವಿದೆಯೇ ಎಂದು ಕೇಳಿದ್ದೀರಿ. ಇರಬಹುದು. ಕಶೇರುಗಳ (ಬೆನ್ನೆಲುಬಿನ ಬಿಡಿ ಮೂಳೆಗಳ) ಮುಂಭಾಗದ ಅಸ್ಥಿರಜ್ಜು (ಮೂಳೆಗಳನ್ನು ಬಂಧಿಸುವ ನಾರಿನ ಪಟ್ಟಿ) ಮೂಳೆಯಾಗಿ ಗಟ್ಟಿಯಾಗುವ, 1950ರಲ್ಲಿ ಫ್ರಾನ್ಸ್‌ನ ವೈದ್ಯ ಫೊರೆಸ್ಟಿಯೆ ವಿವರಿಸಿದ ‘ಡಿಶ್’ (DISH) ಎಂಬ ಸ್ಥಿತಿ ಟೈಪ್ 2 ಮಧುಮೇಹ ಮತ್ತು ಬೊಜ್ಜು ಇರುವವರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ರಕ್ತದಲ್ಲಿ ಏರಿದ ಇನ್ಸುಲಿನ್ ಮೂಳೆ ಕಟ್ಟುವ ಜೀವಕೋಶಗಳನ್ನು ಪ್ರಚೋದಿಸುತ್ತದೆ ಎಂಬುದು ಒಂದು ವಿವರಣೆಯೇ ಹೊರತು ಸಾಬೀತಾದ ಕಾರಣವಲ್ಲ. ಎಕ್ಸ್‌ರೇ ಹಾಳೆಯಲ್ಲಿ ಕನಿಷ್ಠ 4 ಕಶೇರುಗಳ ಉದ್ದಕ್ಕೂ, ಎದೆಭಾಗದಲ್ಲಾದರೆ ಬಹುಪಾಲು ಬಲಬದಿಗೆ, ಮೇಣ ಕರಗಿ ಇಳಿದಂತೆ ಮೂಳೆ ಹರಿದಿದ್ದು, ಕಶೇರುಗಳ ನಡುವಿನ ಮೆತ್ತೆಯಂತಹ ಡಿಸ್ಕ್‌ಗಳು ಅಷ್ಟಾಗಿ ಕುಗ್ಗಿರದಿದ್ದರೆ ವೈದ್ಯರು ಡಿಶ್ ಅನ್ನು ಶಂಕಿಸುತ್ತಾರೆ. ಆದರೆ ನಮ್ಮ ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಇಷ್ಟಕ್ಕೇ ನಿಲ್ಲಬಾರದು: ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಫ್ಲೋರೋಸಿಸ್ ಎಂಬ ಕಾಯಿಲೆ ಕೂಡ ಅಸ್ಥಿರಜ್ಜುಗಳನ್ನು ಹೀಗೆಯೇ ಗಟ್ಟಿಗೊಳಿಸುತ್ತದೆ. ಮನೆಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದೆಯೇ ಎಂದು ದಯವಿಟ್ಟು ಪರೀಕ್ಷೆ ಮಾಡಿಸಿ. ಕುತ್ತಿಗೆಯಲ್ಲಿ ಹೀಗೆ ಬೆಳೆದ ಮೂಳೆ ಅನ್ನನಾಳವನ್ನು ಒತ್ತಬಹುದಾದ್ದರಿಂದ, ಅವರಿಗೆ ಅನ್ನ ನುಂಗಲು ಕಷ್ಟವಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ.