ಡಾಕ್ಟರ್ ಉತ್ತರ: "ಈ ಕೆಲಸ ಮುಗೀಲಿ, ಆಮೇಲೆ ಆರೋಗ್ಯ ನೋಡ್ಕೋತೀನಿ"

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಮೇಲಿನ ಮಾತನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳಿವೆ. ಕ್ಲಿನಿಕ್ಕಿನಲ್ಲೂ ಇದನ್ನು ದಿನಾ ಕೇಳುತ್ತೇನೆ. ಹೇಳುವವರ ಮೇಲೆ ನನಗೆ ಕೋಪ ಇಲ್ಲ, ಆದರೆ ಭಯ ಆಗುತ್ತದೆ. ಕೆಲಸ ಜಾಸ್ತಿ ಇರುವ ದಿನಗಳಲ್ಲೇ ಮೈಗೆ ಆರೈಕೆ ಜಾಸ್ತಿ ಬೇಕು, ನಾವು ಕೈಬಿಡುವುದೂ ಆಗಲೇ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 38 ವರ್ಷ, ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ವರ್ಷದ ಲೆಕ್ಕ ಮುಗಿಸುವ ಸಮಯ. ಒಂದೂವರೆ ತಿಂಗಳಿಂದ ರಾತ್ರಿ ಐದು ಗಂಟೆಯಷ್ಟೇ ನಿದ್ದೆ. ಮೊದಮೊದಲು ಕಷ್ಟ ಆಯಿತು, ಈಗ ಅಭ್ಯಾಸ ಆಗಿದೆ. ಹೆಂಡತಿ ಮಾತ್ರ "ಸುಮ್‌ಸುಮ್ನೆ ಸಿಡುಕ್ತೀರಿ" ಅಂತಾಳೆ. ಇನ್ನೊಂದು ತಿಂಗಳು ಹೀಗೇ ನಡೆಸಬಹುದಾ ಡಾಕ್ಟ್ರೇ?

ಬೇಡ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದಿದ್ದು "ಅಭ್ಯಾಸ ಆಗಿದೆ" ಅನ್ನುವ ಮಾತು.

2003ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆರೋಗ್ಯವಂತರನ್ನು ಗುಂಪು ಮಾಡಿ, 14 ದಿನ ಕೆಲವರಿಗೆ ರಾತ್ರಿ ಎಂಟು ಗಂಟೆ, ಕೆಲವರಿಗೆ ಆರು, ಕೆಲವರಿಗೆ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟರು. ನಿದ್ದೆ ಕಡಿಮೆಯಾದವರ ಗಮನ, ಚುರುಕು ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಯಿತು. ಕೊನೆಗೆ ಅದು ಒಂದೆರಡು ರಾತ್ರಿ ಪೂರ್ತಿ ಎದ್ದಿದ್ದವರ ಮಟ್ಟಕ್ಕೆ ಬಂತು. ಆದರೆ ಅವರನ್ನೇ ಕೇಳಿದರೆ? ಮೊದಲ ಕೆಲವು ದಿನ "ತೂಕಡಿಕೆ ಜಾಸ್ತಿ ಆಗಿದೆ" ಅಂದವರು, ಆಮೇಲೆ "ಅಷ್ಟೇನೂ ಇಲ್ಲ" ಅನ್ನತೊಡಗಿದರು. ಮಿದುಳು ಸೋಲುತ್ತಿತ್ತು, ಸೋತದ್ದು ಅವರ ಗಮನಕ್ಕೆ ಬರುತ್ತಿರಲಿಲ್ಲ. ನಿಮಗೂ ಅದೇ ಆಗಿರಬಹುದು. ಹಾಗಾಗಿ ಸದ್ಯಕ್ಕೆ ನಿಮ್ಮ ಅಂದಾಜಿಗಿಂತ ನಿಮ್ಮ ಹೆಂಡತಿಯ ಮಾತನ್ನು ನಂಬಿ. ಅವರು ಸರಿಯಾಗಿಯೇ ನೋಡಿದ್ದಾರೆ.

ನಿಮ್ಮದು ಅಂಕಿಗಳ ಕೆಲಸ. ರಾತ್ರಿ ಹನ್ನೆರಡರ ಮೇಲೆ ಮಾಡಿದ ಲೆಕ್ಕದಲ್ಲಿ ಎಷ್ಟು ತಪ್ಪಿತ್ತು, ಅದನ್ನು ಹುಡುಕಿ ಸರಿಮಾಡಲು ಮರುದಿನ ಎಷ್ಟು ಹೊತ್ತು ಹೋಯಿತು ಅಂತ ಒಂದು ವಾರ ಬರೆದಿಡಿ. ಮೇಲಧಿಕಾರಿಯ ಹತ್ತಿರ ಹೋಗುವಾಗ ಆ ಚೀಟಿ ಕೈಯಲ್ಲಿರಲಿ. "ನನಗೆ ಸುಸ್ತಾಗಿದೆ" ಅಂದರೆ ಅವರೂ "ನನಗೂ ಆಗಿದೆ" ಅನ್ನಬಹುದು. "ಈ ಮೂರು ವರದಿಗಳಲ್ಲಿ ಯಾವುದು ಮೊದಲು ಬೇಕು, ಯಾವುದು ಮುಂದಿನ ವಾರಕ್ಕೆ ಹೋಗಬಹುದು?" ಅಂತ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಬೆಳಿಗ್ಗೆ ಏಳುವ ಸಮಯ ಗಟ್ಟಿ ಮಾಡಿ, ಅಲ್ಲಿಂದ ಏಳು ಗಂಟೆ ಹಿಂದಕ್ಕೆ ಎಣಿಸಿ. ಆ ಹೊತ್ತಿಗೆ ದೀಪ ಆರಬೇಕು. ರಜೆಯ ದಿನ ಮಧ್ಯಾಹ್ನದವರೆಗೆ ಮಲಗಿ ಸರಿದೂಗಿಸುತ್ತೇನೆ ಅಂದುಕೊಳ್ಳಬೇಡಿ. ಸ್ವಲ್ಪ ಸುಧಾರಿಸುತ್ತದೆ ನಿಜ, ಆದರೆ ಪೂರ್ತಿ ತುಂಬುವುದಿಲ್ಲ. ಜೊತೆಗೆ ಅವತ್ತಿನ ರಾತ್ರಿಯ ನಿದ್ದೆಯೂ ಹಾಳು. ಅದಕ್ಕಿಂತ ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದು ಮೇಲು. ಕಾಫಿಯ ಬಗ್ಗೆ ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ಕೆಫೀನ್ ಅರ್ಧದಷ್ಟು ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ, ರಾತ್ರಿ ಹನ್ನೊಂದಕ್ಕೂ ನಿಮ್ಮ ರಕ್ತದಲ್ಲಿ ಓಡಾಡುತ್ತಿರುತ್ತದೆ. ಮಧ್ಯಾಹ್ನ ಎರಡರ ಮೇಲೆ ಬೇಡ.

ಇನ್ನೊಂದು ಮುಖ್ಯ ಮಾತು. ತಡರಾತ್ರಿ ನೀವೇ ಗಾಡಿ ಓಡಿಸಿಕೊಂಡು ಮನೆಗೆ ಹೋಗುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಸತತ 17 ಗಂಟೆ ಎದ್ದಿರುವವರ ಕೈಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ತೋರಿಸಿದ್ದಾರೆ. ಬೆಳಿಗ್ಗೆ ಆರಕ್ಕೆ ಎದ್ದವರಿಗೆ ರಾತ್ರಿ ಹನ್ನೊಂದಕ್ಕೆ ಹದಿನೇಳು ಗಂಟೆ ಆಗಿರುತ್ತದೆ, ಅಲ್ವಾ?

ಒಂದು ತಿಂಗಳ ಗಡಿಬಿಡಿ ಇಡೀ ಬದುಕನ್ನು ಹಾಳು ಮಾಡುವುದಿಲ್ಲ. ಅದೇ ವರ್ಷಗಟ್ಟಲೆ ಮುಂದುವರಿದರೆ ಮಾತು ಬೇರೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಮಾಡಿವೆ. ಮುಂದಿನ ವರ್ಷದ ಲೆಕ್ಕದ ಸಮಯದಲ್ಲಿ ಹೇಗೆ ಅಂತ ಮೇಲಧಿಕಾರಿಯನ್ನು ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಕೆಲಸಕ್ಕೆ ಹೋಗುತ್ತೇನೆ, ಇಬ್ಬರು ಸಣ್ಣ ಮಕ್ಕಳು. ಅತ್ತೆಯವರಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ, ರಾತ್ರಿಯೂ ಏಳಬೇಕು. ಎಲ್ಲರೂ "ನಿನ್ನ ಆರೋಗ್ಯನೂ ನೋಡ್ಕೊಳಮ್ಮ" ಅಂತಾರೆ. ಕೇಳಿದರೆ ಅಳು ಬರುತ್ತೆ. ಯಾವಾಗ ನೋಡ್ಕೊಳ್ಳಲಿ ಮೇಡಂ? ನನ್ನ ಬಿಪಿ ಮಾತ್ರೆಯೇ ಎಷ್ಟೋ ದಿನ ಮರೆತುಹೋಗುತ್ತದೆ.

ಅಳು ಬರುವುದು ಸಹಜ. ಹಾಗೆ ಹೇಳುವವರು ನಿಮ್ಮ ಕೈಗೆ ಇನ್ನೊಂದು ಕೆಲಸ ಕೊಟ್ಟು ಹೋಗುತ್ತಿದ್ದಾರೆ. ನಾನು ಆ ಮಾತು ಹೇಳುವುದಿಲ್ಲ. ಬದಲಿಗೆ ಏನು ಕಡಿಮೆ ಮಾಡಬಹುದು ಅಂತ ನೋಡೋಣ.

ಮುಂದಿನ ಸಲ ಯಾರಾದರೂ "ಏನಾದ್ರೂ ಬೇಕಿದ್ರೆ ಹೇಳು" ಅಂದಾಗ "ಪರವಾಗಿಲ್ಲ" ಅನ್ನಬೇಡಿ. ದಿನ, ಗಂಟೆ ಹೇಳಿ ಕೇಳಿ: "ಮಂಗಳವಾರ ಸಂಜೆ ಆರರಿಂದ ಏಳೂವರೆವರೆಗೆ ಅತ್ತೆ ಹತ್ತಿರ ಕೂತಿರ್ತೀರಾ?" ಹೀಗೆ ಕೇಳಿದರೆ ಜನ ಸಾಮಾನ್ಯವಾಗಿ ಒಪ್ಪುತ್ತಾರೆ. ಅವರಿಗೂ ಏನು ಮಾಡಬೇಕು ಅಂತ ತೋಚಿರುವುದಿಲ್ಲ. ಆ ಒಂದೂವರೆ ಗಂಟೆಯಲ್ಲಿ ಬಾಕಿ ಬಟ್ಟೆ ಮಡಚಲು ಹೋಗಬೇಡಿ. ಮಲಗಿ, ಇಲ್ಲವೇ ಹೊರಗೆ ನಡೆದು ಬನ್ನಿ.

ನಿಮ್ಮ ಪತ್ರದಲ್ಲಿ ಗಂಡನ ಮಾತೇ ಇಲ್ಲ. ಅವರು ಮನೆಯಲ್ಲಿದ್ದರೆ, ರಾತ್ರಿ ಏಳುವುದು ದಿನ ಬಿಟ್ಟು ದಿನ ಅವರ ಪಾಲು. ಅವರ ಸರದಿಯ ರಾತ್ರಿ ನೀವು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಿ. ಪಕ್ಕದಲ್ಲೇ ಇದ್ದರೆ ನಿಮ್ಮ ಕಿವಿ ಎಚ್ಚರವಾಗಿಯೇ ಇರುತ್ತದೆ.

ಬಿಪಿ ಮಾತ್ರೆಯ ವಿಷಯದಲ್ಲಿ ಮಾತ್ರ ನಾನು ಬಿಗಿ. ಬಿಪಿ ಏರಿದರೆ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ, ತಲೆನೋವೂ ಬರುವುದಿಲ್ಲ. ಅತ್ತೆಯವರ ಮಾತ್ರೆಯನ್ನು ನೀವು ಒಂದು ದಿನವೂ ಮರೆತಿರಲಿಕ್ಕಿಲ್ಲ. ನಿಮ್ಮ ಮಾತ್ರೆಯ ಡಬ್ಬಿಯನ್ನೂ ಅಲ್ಲೇ ಪಕ್ಕದಲ್ಲಿಡಿ. ಬೇರೆ ಬಣ್ಣದ ಡಬ್ಬಿ, ಮೇಲೆ ದೊಡ್ಡದಾಗಿ ನಿಮ್ಮ ಹೆಸರು. ಅವರಿಗೆ ಕೊಡುವ ಮೊದಲು ನೀವು ನುಂಗಿ. ಈ ವಾರ ಒಮ್ಮೆ ಬಿಪಿ ಅಳೆಸಿ.

ಅವರನ್ನು ಎತ್ತಿ ಕೂರಿಸುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ, ಅವರನ್ನು ಮೈಗೆ ಹತ್ತಿರ ಹಿಡಿದು ಏಳಿ. ಫಿಸಿಯೋಥೆರಪಿಸ್ಟ್ ಬಂದಾಗ ನಿಮಗೂ ತೋರಿಸಿಕೊಡಲು ಕೇಳಿ. ಎಷ್ಟೋ ಮನೆಗಳಲ್ಲಿ ರೋಗಿ ಎದ್ದು ಓಡಾಡುವ ಹೊತ್ತಿಗೆ ನೋಡಿಕೊಂಡವರು ಬೆನ್ನು ಹಿಡಿದುಕೊಂಡು ಮಲಗಿರುತ್ತಾರೆ.

ವ್ಯಾಯಾಮಕ್ಕೆ ಟೈಮ್ ಇಲ್ಲ ಅಂತ ಕೊರಗಬೇಡಿ. ವಾರಕ್ಕೆ 150 ನಿಮಿಷ ಅನ್ನುವ ಲೆಕ್ಕ ಕೇಳಿರುತ್ತೀರಿ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರಷ್ಟೇ ಲೆಕ್ಕ ಎಂಬ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೈಬಿಟ್ಟಿದೆ. ಮೆಟ್ಟಿಲು ಹತ್ತಿದ್ದು, ಬೇಗ ಬೇಗ ನಡೆದದ್ದು ಎಲ್ಲವೂ ಸೇರುತ್ತದೆ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಕ್ಕಳ ಜೊತೆ ಕೂತಾಗಲೂ ಏನೂ ಹಿತ ಅನ್ನಿಸದಿದ್ದರೆ, ಡಾಕ್ಟರ ಹತ್ತಿರ ಹೋಗಿ ಇಷ್ಟನ್ನೇ ಹೇಳಿ. ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ.

ಪ್ರಶ್ನೆ: ಎರಡು ತಿಂಗಳಲ್ಲಿ ಫೈನಲ್ ಪರೀಕ್ಷೆ. ದಿನವಿಡೀ ಓದಿ ಸುಸ್ತಾಗಿರುತ್ತೆ. ಆದರೆ ದಿಂಬಿಗೆ ತಲೆ ಕೊಟ್ಟ ತಕ್ಷಣ ಓದದೇ ಬಿಟ್ಟಿದ್ದೆಲ್ಲ ನೆನಪಾಗಿ ರೆಪ್ಪೆ ಅಂಟಲ್ಲ.

ನೋಡಮ್ಮ, ಮಲಗುವ ಮುಂಚೆ ಐದು ನಿಮಿಷ ಕಾಗದ, ಪೆನ್ನು ಹಿಡಿದು ಕೂತುಕೋ. ನಾಳೆಯಿಂದ ಮಾಡಬೇಕಾದ್ದನ್ನೆಲ್ಲ ಬರಿ. "ಗಣಿತ ಓದಬೇಕು" ಅಂತ ಬರೆದರೆ ಸಾಲದು. ಯಾವ ಪಾಠ, ಯಾವ ಲೆಕ್ಕ, ಎಷ್ಟು ಗಂಟೆಗೆ ಅಂತ ಬರಿ. 2018ರಲ್ಲಿ ಇದನ್ನು ನಿದ್ದೆಯ ಪ್ರಯೋಗಾಲಯದಲ್ಲಿ 57 ಯುವಕ ಯುವತಿಯರ ಮೇಲೆ ಪರೀಕ್ಷಿಸಿದರು. ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಮಾಡಬೇಕಾದ್ದನ್ನು ಬರೆದವರು ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ ಬಂತು. ಕಾಗದಕ್ಕೆ ಇಳಿದದ್ದನ್ನು ತಲೆ ಮತ್ತೆ ಮತ್ತೆ ಹೊರಬೇಕಿಲ್ಲ ಅನ್ನಿಸುತ್ತದೆ.

ಫೋನು ಬೇರೆ ಕೋಣೆಯಲ್ಲಿರಲಿ. ಗಡಿಯಾರ ನೋಡಬೇಡ. ಸುಮಾರು ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮತ್ತೆ ಮಲಗು. ಮಲಗಿ ನಾಲ್ಕು ಎಣಿಸುತ್ತಾ ಉಸಿರು ತಗೋ, ಆರು ಎಣಿಸುತ್ತಾ ನಿಧಾನವಾಗಿ ಬಿಡು. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ. ಅದಕ್ಕೇ ಬಿಡುವ ಉಸಿರು ಉದ್ದ ಇರಬೇಕು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಿಟ್ಟು ಓದಬೇಡ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ.

ಪ್ರಶ್ನೆ: ವಾರವಿಡೀ ಕೆಲಸದ ಒತ್ತಡದಲ್ಲಿ ಏನೂ ಆಗಲ್ಲ. ರಜೆಯ ದಿನ ಬೆಳಿಗ್ಗೆ ಮಾತ್ರ ಅರೆತಲೆನೋವು ಹಿಡಿದುಕೊಳ್ಳುತ್ತೆ. ಯಾಕೆ?

ಇದು ನಿಮ್ಮ ಭ್ರಮೆ ಅಲ್ಲ. ಒತ್ತಡ ಇದ್ದಾಗ ಮಾತ್ರವಲ್ಲ, ಒತ್ತಡ ಏಕಾಏಕಿ ಇಳಿದಾಗಲೂ ಮೈಗ್ರೇನ್ ಶುರುವಾಗಬಹುದು ಎಂದು ದಿನಚರಿ ಬರೆಸಿ ನಡೆಸಿದ ಅಧ್ಯಯನವೊಂದು 2014ರಲ್ಲಿ ತೋರಿಸಿತು. ರಜೆಯ ದಿನವೂ ಎಂದಿನ ಹೊತ್ತಿಗೇ ಏಳಿ, ತಿಂಡಿ ತಡ ಮಾಡಬೇಡಿ, ದಿನಾ ಕುಡಿಯುವ ಕಾಫಿಯನ್ನು ಅವತ್ತೊಂದು ದಿನ ಬಿಡಬೇಡಿ. ಹಿಂದಿನ ಎರಡು ಸಂಜೆಗಳಿಂದಲೇ ಕೆಲಸ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಬನ್ನಿ. ವಾರಕ್ಕೆ ಎರಡಕ್ಕಿಂತ ಹೆಚ್ಚು ದಿನ ನೋವಿನ ಮಾತ್ರೆ ಬೇಕಾಗುತ್ತಿದ್ದರೆ ಡಾಕ್ಟರನ್ನು ನೋಡಿ. ಆ ಮಾತ್ರೆಗಳೇ ಜಾಸ್ತಿಯಾದರೂ ತಲೆನೋವು ಬರುತ್ತದೆ.

ಪ್ರಶ್ನೆ: ವಯಸ್ಸು 52. ಕೆಲಸದ ಒತ್ತಡ ಹೆಚ್ಚಾದಾಗ ಎದೆ ಡವಡವ, ಒಮ್ಮೊಮ್ಮೆ ಎದೆ ಬಿಗಿದಂತೆ. ಟೆನ್ಷನ್ನಿಗೆ ಹೀಗಾಗುತ್ತೆ ಅಂತ ಗೆಳೆಯರು ಹೇಳಿದರು. ಸುಮ್ನೆ ಇರಬಹುದಾ?

ಇರಬೇಡಿ. ಟೆನ್ಷನ್ನಿಗೆ ಹಾಗಾಗುವುದು ನಿಜ. ಆತಂಕವಾದಾಗ ಅಡ್ರಿನಲಿನ್ ಏರಿ ಬಡಿತ ಜೋರಾಗುತ್ತದೆ, ಎದೆಯ ಸ್ನಾಯುಗಳೂ ಬಿಗಿಯುತ್ತವೆ. ಆದರೆ ಹೃದಯದ ರಕ್ತನಾಳ ಕಟ್ಟಿಕೊಂಡಿದ್ದರೂ, ಒತ್ತಡದ ಹೊತ್ತಿನಲ್ಲಿ ಹೀಗೇ ನೋವು ಬರಬಹುದು. ಇದು ಯಾವುದು ಅಂತ ಮನೆಯಲ್ಲಿ ಕೂತು ಯಾರೂ ಹೇಳಲಾಗದು, ಪತ್ರ ಓದಿ ನಾನೂ ಹೇಳಲಾರೆ. ಇಸಿಜಿ, ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸರಿ ಇದ್ದರೂ ಅಷ್ಟಕ್ಕೇ ನಿಲ್ಲಿಸಬೇಡಿ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಬಿಗಿಯುತ್ತದಾ ಅನ್ನುವುದನ್ನು ಡಾಕ್ಟರಿಗೆ ಬಿಡಿಸಿ ಹೇಳಿ, ಮುಂದಿನ ಪರೀಕ್ಷೆ ಬೇಕಾ ಅಂತ ಕೇಳಿ. ಎಲ್ಲ ನೋಡಿದ ಮೇಲೂ ಹೃದಯ ಸರಿ ಇದೆ ಅಂತಾದರೆ ಆತಂಕಕ್ಕೆ ಚಿಕಿತ್ಸೆ ತಗೊಳ್ಳಿ. "ಏನೂ ಇಲ್ಲ, ಬರೀ ಟೆನ್ಷನ್" ಅಂತ ಅದನ್ನು ತಳ್ಳಿಹಾಕಬೇಡಿ.

ಎದೆಯ ಮೇಲೆ ಭಾರ ಹೇರಿದಂಥ ನೋವು ಕೆಲವು ನಿಮಿಷವಾದರೂ ಇಳಿಯದಿದ್ದರೆ, ತೋಳಿಗೆ, ದವಡೆಗೆ, ಬೆನ್ನಿಗೆ ಹರಡಿದರೆ, ತಣ್ಣನೆಯ ಬೆವರು, ಉಸಿರುಕಟ್ಟುವಿಕೆ ಇದ್ದರೆ ತಕ್ಷಣ ಆಂಬುಲೆನ್ಸ್ ಕರೆಸಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ವಾಕರಿಕೆ, ವಿಪರೀತ ಸುಸ್ತು, ಉಸಿರಾಟದ ಕಷ್ಟ ಮಾತ್ರ ಇರಬಹುದು. ಇದನ್ನು ಮನೆಯವರಿಗೂ ಓದಿ ಹೇಳಿ. ಕೆಲಸದ ಒತ್ತಡ ಕಡಿಮೆಯಾಗುವ ದಿನಕ್ಕೆ ಕಾಯದೆ, ಈ ಉತ್ತರ ಓದಿದ ದಿನವೇ ಪರೀಕ್ಷೆಗೆ ಹೋಗಿ.