ಲಕ್ಷದ್ವೀಪದ ಜನ ಎಂತ ಮಾಡಿ ಬದುಕ್ತಾರೆ? ಅದು ಮಾಲ್ಡೀವ್ಸ್ ತರ ಯಾಕೆ ಆಗ್ಲಿಲ್ಲ?

ನೀವು ಕೇಳಿದ್ದು ಎರಡು ಪ್ರಶ್ನೆ, ಅಲ್ಲಿಯವ್ರ ದುಡಿಮೆ ಎಂತದ್ದು ಅಂತ ಒಂದು, ಇಷ್ಟು ಚಂದ ಇದ್ದೂ ಮಾಲ್ಡೀವ್ಸ್ ತರ ಟೂರಿಸಂ ಯಾಕೆ ಬೆಳೀಲಿಲ್ಲ ಅಂತ ಇನ್ನೊಂದು. ನಾನು ಮಂಗಳೂರು ಬಂದರಿನವ, ನಮ್ಮ ಮನೆಯವರ ಅಂಗಡಿಗೆ ದ್ವೀಪದವ್ರು ಹಳೇ ಗಿರಾಕಿಗಳು, ನಾನೂ ಅಮಿನಿ, ಕಡಮತ್ ಕಡೆ ಹೋಗಿ ಬಂದವನೇ, ಹಾಗಾಗಿ ಗೊತ್ತಿದ್ದದ್ದು ಹೇಳ್ತೇನೆ. ನನ್ನ ಪ್ರಕಾರ ಎರಡಕ್ಕೂ ಉತ್ತರ ಒಂದೇ, ಅಲ್ಲಿ ನೆಲವೂ ಕಮ್ಮಿ, ಕುಡಿಯೋ ನೀರೂ ಕಮ್ಮಿ, ಉಳಿದದ್ದೆಲ್ಲ ಹಡಗಲ್ಲೇ ಬರ್ಬೇಕು.

ಲೆಕ್ಕ ನೋಡಿ. ಒಟ್ಟು 36 ದ್ವೀಪ, ಎಲ್ಲಾ ಸೇರ್ಸಿದ್ರೂ 32 ಚದರ ಕಿಲೋಮೀಟರ್. ಜನ ಇರೋದು 10 ದ್ವೀಪಗಳಲ್ಲಿ ಮಾತ್ರ, 2011ರ ಜನಗಣತಿಯಲ್ಲಿ 64 ಸಾವಿರ ಚಿಲ್ಲರೆ ಜನ, ಅಂದ್ರೆ ಒಂದು ಚದರ ಕಿಲೋಮೀಟರ್‌ಗೆ ಎರಡು ಸಾವಿರಕ್ಕಿಂತ ಜಾಸ್ತಿ. ಎಲ್ಲಕ್ಕಿಂತ ದೊಡ್ಡ ಆಂಡ್ರೋತ್ ಕೂಡ 5 ಚದರ ಕಿಲೋಮೀಟರ್ ಮುಟ್ಟಲ್ಲ. ಆದ್ರೆ ಸಮುದ್ರ ಹಿಡಿದ್ರೆ ಕತೆಯೇ ಬೇರೆ, ಲಗೂನೇ, ಅಂದ್ರೆ ಹವಳದ ದಿಬ್ಬದ ಒಳಗಿನ ಆಳ ಇಲ್ಲದ ಸಮುದ್ರವೇ 4,200 ಚದರ ಕಿಲೋಮೀಟರ್, ಭಾರತಕ್ಕೆ ಇವುಗಳಿಂದ ಸಿಗೋ ಆರ್ಥಿಕ ವಲಯ, ಅಂದ್ರೆ ಮೀನು, ಖನಿಜದ ಹಕ್ಕು ನಮಗೇ ಇರೋ ಸಮುದ್ರ, ಸುಮಾರು 4 ಲಕ್ಷ ಚದರ ಕಿಲೋಮೀಟರ್. ದೆಹಲಿಗೆ ಈ ಚುಕ್ಕಿಗಳ ಮೇಲೆ ಅಷ್ಟು ಪ್ರೀತಿ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ನೆಲ ಪೂರಾ ಹವಳದ ಪುಡಿ, ಸಮುದ್ರ ಮಟ್ಟದಿಂದ ಒಂದೆರಡು ಮೀಟರ್ ಎತ್ತರ ಅಷ್ಟೆ. ಗುಡ್ಡ ಇಲ್ಲ, ಹೊಳೆ ಇಲ್ಲ, ಗದ್ದೆ ಇಲ್ಲ. ಮಳೆ ನೀರು ಮರಳಿಗಿಳಿದು ಕೆಳಗಿನ ಉಪ್ಪುನೀರಿನ ಮೇಲೆ ಒಂದು ತೆಳು ಪದರ ಆಗಿ ನಿಂತಿರ್ತದೆ, ಬಾವಿಯಲ್ಲಿ ಸಿಗೋದು ಅದೇ, ಪಂಪ್ ಹಾಕಿ ಜಾಸ್ತಿ ಎಳೆದ್ರೆ ಕೆಳಗಿಂದ ಉಪ್ಪು ಏರ್ತದೆ. ಅದಕ್ಕೇ 2005ರಲ್ಲಿ ರಾಜಧಾನಿ ಕವರತ್ತಿಯಲ್ಲಿ ಒಂದು ಪ್ಲಾಂಟ್ ಹಾಕಿದ್ರು, ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು. ಮೇಲಿನ ಬಿಸಿ ಸಮುದ್ರದ ನೀರನ್ನು ಗಾಳಿ ತೆಗೆದ ಚೇಂಬರ್‌ಗೆ ಬಿಟ್ರೆ ಬೆಂಕಿ ಇಲ್ಲದೆ ಆವಿ ಆಗ್ತದೆ, ಸುಮಾರು 350 ಮೀಟರ್ ಆಳದಿಂದ ತಂದ ತಣ್ಣೀರಿನ ಪೈಪ್‌ಗೆ ಆ ಆವಿ ತಾಗಿ ನೀರಾಗ್ತದೆ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವ್ರು ಮಾಡಿದ್ದು, ನನಗೆ ದ್ವೀಪದಲ್ಲಿ ಬೀಚ್‌ಗಿಂತ ಇದೇ ದೊಡ್ಡ ವಿಷಯ ಅನ್ಸಿತು, ಆದ್ರೆ ಇದರ ಫೋಟೋ ಯಾರೂ ಇನ್‌ಸ್ಟಾಗ್ರಾಮಿಗೆ ಹಾಕಲ್ಲ ಬಿಡಿ. ಆಮೇಲೆ ಮಿನಿಕಾಯ್, ಅಗತ್ತಿಗೂ ಇಂಥದ್ದೇ ಬಂತು.

ನಮ್ಮ ಊರಿನ ಸಂಬಂಧ ಹೇಳ್ಲೇಬೇಕು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಅಮಿನ್‌ದಿವಿ ಗುಂಪು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು ಮಾರ್ರೆ! ಬಾಕಿ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದಾಗ ಇವು ಟಿಪ್ಪುವಿಗೆ ಸೇರಿ, 1799ರ ನಂತರ ಬ್ರಿಟಿಷರಿಗೆ ಹೋಗಿ ಮಂಗಳೂರಿನಿಂದ ಆಡಳಿತ ನಡೀತಿತ್ತು. ಆಗ ನಾರಿನ ಹುರಿ ಸರ್ಕಾರಕ್ಕೇ ಕೊಡ್ಬೇಕು, ಬದಲಿಗೆ ಸರ್ಕಾರ ಹೇಳಿದ ರೇಟಲ್ಲಿ ಅಕ್ಕಿ ತಗೊಂಡು ಹೋಗ್ಬೇಕು. ರೇಟ್ ಯಾರಿಗೆ ಅನುಕೂಲ ಇತ್ತು ಅಂತ ನಾನು ಹೇಳ್ಬೇಕಾಗಿಲ್ಲ. ಈಗಲೂ ಹಳೇ ಬಂದರಿನಿಂದ ಮಂಜಿಗಳು, ಅಂದ್ರೆ ಮರದ ಸರಕು ಹಡಗುಗಳು ಹೋಗ್ತವೆ, ತರಕಾರಿ, ಅಕ್ಕಿ, ಸಿಮೆಂಟ್, ಜಲ್ಲಿ, ಎಲ್ಲ. ಹೌದು, ಸಮುದ್ರದ ಮಧ್ಯೆ ಮನೆ ಕಟ್ಲಿಕ್ಕೆ ಜಲ್ಲಿ ಇಲ್ಲಿಂದ ಹೋಗ್ಬೇಕು. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದ ತನಕ ಮಂಜಿ ಬಂದ್, ಹಾಗಾಗಿ ಮಳೆಗಾಲಕ್ಕೆ ಮೊದಲು ಲೋಡ್ ಮಾಡುವ ಗಡಿಬಿಡಿ ಬಂದರಿಗೆ ಬಂದು ನೋಡ್ಬೇಕು ನೀವು.

ಜನ ಹೆಚ್ಚುಕಮ್ಮಿ ಪೂರ್ತಿ ಮುಸ್ಲಿಮರು, ಪರಿಶಿಷ್ಟ ಪಂಗಡಕ್ಕೆ ಸೇರಿದವ್ರು. ಮಾತು ಮಲಯಾಳಂನದ್ದೇ ಒಂದು ರೂಪ, ಜೆಸೆರಿ ಅಂತಾರೆ, ಮಿನಿಕಾಯ್ ಮಾತ್ರ ಬೇರೆ, ಅಲ್ಲಿ ಮಾಲ್ಡೀವ್ಸಿನವ್ರಿಗೆ ಅರ್ಥ ಆಗೋ ಮಹಲ್ ಭಾಷೆ, ಲಿಪಿಯೂ ಬಲದಿಂದ ಎಡಕ್ಕೆ ಬರೆಯೋ ತಾನಾ. ನಮ್ಮ ಕಡೆಯವ್ರಿಗೆ ಬೇಗ ಅರ್ಥ ಆಗೋದು ಅಲ್ಲಿಯ ಆಸ್ತಿ ಪದ್ಧತಿ, ತುಳುನಾಡಿನ ಅಳಿಯಸಂತಾನದ ತರ ತಾಯಿ ಕಡೆಯಿಂದ ಬರೋದು. ತರವಾಡಿನ, ಅಂದ್ರೆ ತಾಯಿ ಕಡೆಯ ಕೂಡುಕುಟುಂಬದ ಆಸ್ತಿಗೆ ಶುಕ್ರವಾರದ ಸ್ವತ್ತು, ಸ್ವಂತ ದುಡಿದದ್ದಕ್ಕೆ ಸೋಮವಾರದ ಸ್ವತ್ತು ಅಂತಾರೆ, ಮೊದಲನೆಯದ್ದು ತಾಯಿಯ ಸಾಲಲ್ಲಿ ಹೋಗ್ತದೆ, ಎರಡನೆಯದ್ದು ಇಸ್ಲಾಂ ಕಾನೂನಿನ ಪ್ರಕಾರ ಮಕ್ಕಳಿಗೆ ಹೋಗ್ಬಹುದು. ಮದುವೆ ಆದ್ಮೇಲೂ ಹೆಣ್ಣು ತನ್ನ ಮನೆಯಲ್ಲೇ, ಗಂಡನೇ ರಾತ್ರಿ ಬಂದು ಹೋಗೋದು, ಹಿಂದೆಲ್ಲ ಹೀಗೇ ಇತ್ತು, ಈಗ ಬೇರೆ ಮನೆ ಮಾಡೋರು ಜಾಸ್ತಿ.

ದುಡಿಮೆ ಅಂದ್ರೆ ತೆಂಗು, ಮೀನು, ಸರ್ಕಾರಿ ನೌಕರಿ. ತೆಂಗಿನಕಾಯಿ ಸಣ್ಣದು ಆದ್ರೆ ಎಣ್ಣೆ ಜಾಸ್ತಿ, ಕೊಬ್ಬರಿ ಮಾಡಿ ಕಳಿಸ್ತಾರೆ, ಮರ ಹತ್ತೋ ಇಲಿಗಳ ಕಾಟ ಮಾತ್ರ ವಿಪರೀತ. ನೀರಾ ಕಾಸಿ ಬೆಲ್ಲದ ಪಾಕವೂ ಮಾಡ್ತಾರೆ, ಸಿಕ್ಕಿದ್ರೆ ಬಿಡ್ಬೇಡಿ.

ಮೀನಂದ್ರೆ ಚೂರ, ಅಂದ್ರೆ ಟ್ಯೂನ. ಹಿಡಿಯೋ ಕ್ರಮ ನೋಡ್ಲಿಕ್ಕೇ ಮಜಾ, ಮೊದಲು ಲಗೂನಲ್ಲಿ ಸಣ್ಣ ಮೀನು ಜೀವಂತ ಹಿಡಿದು ದೋಣಿಯ ನೀರಿನ ತೊಟ್ಟಿಯಲ್ಲಿ ಇಟ್ಕೊಳ್ತಾರೆ, ಹೊರ ಸಮುದ್ರದಲ್ಲಿ ಚೂರದ ಹಿಂಡು ಕಂಡ ಕೂಡ್ಲೆ ಅದನ್ನು ಎರಚಿ, ಮೇಲಿಂದ ನೀರು ಚಿಮುಕಿಸಿ, ಮೀನು ಹುಚ್ಚಾಗಿ ಮೇಲೆ ಬಂದಾಗ ಸಾಲಾಗಿ ನಿಂತು ಕೋಲು ಗಾಳದಲ್ಲಿ ಒಂದೊಂದೇ ಹಿಂದಕ್ಕೆ ಎಸೀತಾರೆ. ಗಾಳಕ್ಕೆ ಮುಳ್ಳಿಲ್ಲ, ಹಾಗಾಗಿ ಮೀನು ದೋಣಿಯೊಳಗೆ ತಾನೇ ಕಳಚಿ ಬೀಳ್ತದೆ. ಬಲೆ ಇಲ್ಲದ ಕಾರಣ ಆಮೆ, ಡಾಲ್ಫಿನ್ ಸಿಕ್ಕಿಬೀಳುದಿಲ್ಲ. ಆ ಮೀನನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಒಣಗ್ಸಿದ್ರೆ ಮರದ ತುಂಡಿನಷ್ಟು ಗಟ್ಟಿ ಮಾಸ್ಮಿನ್ ಆಗ್ತದೆ, ಫ್ರಿಜ್ ಬೇಡ, ತಿಂಗಳುಗಟ್ಟಲೆ ಇರ್ತದೆ. ಆದ್ರೆ ಈ ಇಡೀ ಕಸುಬು ನಿಂತಿರೋದು ಲಗೂನಿನ ಆ ಸಣ್ಣ ಮೀನಿನ ಮೇಲೆ, ಆ ಮೀನು ನಿಂತಿರೋದು ಹವಳದ ಮೇಲೆ. 1998, 2010, 2016ರಲ್ಲಿ ನೀರು ಬಿಸಿಯಾಗಿ ಹವಳ ಬಿಳಿಚಿ ಸತ್ತದ್ದು ಅಲ್ಲಿಯವ್ರಿಗೆ ಹೊಟ್ಟೆಪಾಡಿನ ಸುದ್ದಿ.

ಈಗ ಮಾಲ್ಡೀವ್ಸ್. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ವಾಟ್ಸಾಪಲ್ಲಿ ಎಲ್ರೂ ಟೂರಿಸಂ ತಜ್ಞರಾದ್ರು. ಮಾಲ್ಡೀವ್ಸಲ್ಲಿ ಸುಮಾರು 1,200 ದ್ವೀಪ ಉಂಟು, 1972ರಿಂದ ಜನ ಇಲ್ಲದ ದ್ವೀಪಕ್ಕೆ ಒಂದೊಂದು ರೆಸಾರ್ಟ್ ಕೊಡ್ತಾ ಬಂದ್ರು. ಲಕ್ಷದ್ವೀಪದಲ್ಲಿ ಬಂಗಾರಂ, ತಿನ್ನಕರ, ಸುಹೇಲಿ ಬಿಟ್ರೆ ಖಾಲಿ ದ್ವೀಪ ಅಂತ ಹೆಚ್ಚಿನವು ಬರೀ ಮರಳ ದಿಬ್ಬ, ಬಂಗಾರಂ ಹತ್ತಿರದ ಪರಳಿ ಒಂದು ಕೊರೆದು ಮುಳುಗಿಯೇ ಹೋಯ್ತು. ಅಗತ್ತಿಯ ರನ್‌ವೇ ಎಟಿಆರ್ ತರದ ಸಣ್ಣ ವಿಮಾನಕ್ಕೆ ಮಾತ್ರ ಸಾಕು. ನೂರು ರೂಮಿನ ಹೋಟೆಲ್ ಕಟ್ಟಿದ್ರೆ ಅದರ ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ? 2021ರಲ್ಲಿ ಅಭಿವೃದ್ಧಿಗೆ ಅಂತ ಜನರ ನೆಲ ತಗೊಳ್ಳುವ ಅಧಿಕಾರ ಆಡಳಿತಕ್ಕೆ ಕೊಡುವ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಬಂದಾಗ ಜನ ಮನೆಯಲ್ಲೇ ಕೂತು ಉಪವಾಸ ಮಾಡಿದ್ದು ಟೂರಿಸಂ ಬೇಡ ಅಂತಲ್ಲ, ಇರೋ ಅಂಗೈಯಗಲ ನೆಲ ಕೈ ಬಿಟ್ರೆ ಹೋಗ್ಲಿಕ್ಕೆ ಬೇರೆ ಜಾಗ ಇಲ್ಲ ಅಂತ. ನನಗೆ ಅವರದ್ದೇ ಸರಿ ಅನ್ಸಿತು. ಸಣ್ಣ ಹೋಮ್‌ಸ್ಟೇ, ಡೈವಿಂಗ್, ಲೆಕ್ಕದ ಜನ, ಅಷ್ಟು ಮಾಡ್ಬಹುದು.

ನೀವು ಹೋಗುದಾದ್ರೆ ಭಾರತೀಯರಿಗೂ ಪರ್ಮಿಟ್ ಬೇಕು, ಹಡಗು, ವಿಮಾನ ಎರಡಕ್ಕೂ ಕೊಚ್ಚಿಯೇ ಮುಖ್ಯ ದಾರಿ. ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ ಹೋಗಿ, ಹಡಗಿನ ಟೈಮ್ ಬದಲಾಗ್ತಾ ಇರ್ತದೆ, ವಾಪಸ್ ಬರೋ ದಿನದ ಮರುದಿನವೇ ಆಫೀಸ್ ಮೀಟಿಂಗ್ ಇಟ್ಕೊಳ್ಬೇಡಿ.